ಮುಚ್ಚಲು ಹೇಳಿದವರು

ಜಗಳೂರಿನ ಬಸ್ ನಿಲ್ದಾಣದಿಂದ ಹಳೇ ಪೇಟೆಯ ಕಡೆಗೆ ನಡೆದರೆ ಬಲಗಡೆಗೆ ಸಿಗುವ ಮಾಳಿಗೆ ಮನೆಯ ಮೇಲೆ ‘ಓಬಳಪ್ಪ ಫೋಟೋ ಸ್ಟುಡಿಯೋ’ ಎಂಬ ಬೋರ್ಡು ಇದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಊರಿನವರು ಮಿಕಮಿಕ ನೋಡುತ್ತಾರೆ. ಸುತ್ತಿನ ಹಳ್ಳಿಗಳಿಗೆಲ್ಲ ಅದು ಕಿಟಕಿ ಸ್ಟುಡಿಯೋ, ಅದರೊಳಗೆ ಕೂತಿರುವವನು ಕಿಟಕಿ ಜುಂಜಪ್ಪ. ಎಪ್ಪತ್ತು ದಾಟಿದ ಜುಂಜಪ್ಪನಿಗೆ ಆ ಅಡ್ಡಹೆಸರಿನ ಮೇಲೆ ಬೇಸರವೇನಿಲ್ಲ. ಅವನ ಬೇಸರವೆಲ್ಲ ಮೊಬೈಲಿನ ಮೇಲೆ. ಬದುಕಿರುವವರು ತಮ್ಮ ಫೋಟೋ ತಾವೇ ತೆಗೆದುಕೊಳ್ಳುವ ಕಾಲ ಬಂದ ಮೇಲೆ ಅವನ ಬಾಗಿಲಿಗೆ ಬರುವವರು ಹೆಚ್ಚಾಗಿ ತೀರಿಕೊಂಡವರ ಕಡೆಯವರೇ.

ಸ್ಟುಡಿಯೋದ ಹಿಂಗೋಡೆಗೆ ಎರಡು ಬಟ್ಟೆಯ ಪರದೆಗಳಿವೆ. ಒಂದರ ಮೇಲೆ ತೆರೆದ ಕಿಟಕಿಯ ಚಿತ್ರ. ಎರಡೂ ಕದ ಹೊರಗೆ ಚಾಚಿವೆ, ಆಚೆ ಒಂದು ಗುಡ್ಡ, ಗುಡ್ಡದ ಬುಡಕ್ಕೆ ಕೆರೆ. ಇನ್ನೊಂದರ ಮೇಲೆ ಅದೇ ಕಿಟಕಿ, ಆದರೆ ಕದ ಮುಚ್ಚಿ ಅಗುಳಿ ಹಾಕಿದೆ. ಬದುಕಿರುವವರಿಗೆ ಮೊದಲನೆಯದು, ಹೋದವರಿಗೆ ಎರಡನೆಯದು. ಹೋದವರು ಬಂದು ಪರದೆಯ ಮುಂದೆ ಕೂರುವುದಿಲ್ಲವಷ್ಟೆ; ಮನೆಯವರು ತಂದುಕೊಟ್ಟ ಹಳೆಯ ಫೋಟೋದಿಂದ ಅವರನ್ನು ಬಿಡಿಸಿ ತೆಗೆದು ಮುಚ್ಚಿದ ಕಿಟಕಿಯ ಮುಂದೆ ಇಡಬೇಕು. ಮೊದಲು ಅದಕ್ಕೆ ಕತ್ತರಿ, ಅಂಟು, ಬ್ರಷ್ಷು ಬೇಕಿತ್ತು, ಈಗ ಕಂಪ್ಯೂಟರು ಸಾಕು. ಅರವತ್ತರ ಹತ್ತಿರ ಕಂಪ್ಯೂಟರು ಕಲಿಯಲು ಕೂತ ಜುಂಜಪ್ಪ ಆರು ತಿಂಗಳು ಅದನ್ನು ಬೈದುಕೊಂಡೇ ಕಲಿತ.

ಈ ಎರಡು ಕಿಟಕಿಗಳ ಅರ್ಥವನ್ನು ಯಾರೂ ಡಂಗುರ ಹೊಡೆದು ಹೇಳಿದ್ದಲ್ಲ. ಆದರೆ ಬಿಳಿಚೋಡಿನಲ್ಲಾಗಲಿ ಅದರ ಆಚೀಚೆಯ ಹಟ್ಟಿಗಳಲ್ಲಾಗಲಿ ಯಾರ ನಡುಮನೆಗೆ ಹೋದರೂ ಗೋಡೆಯ ಮೇಲಿನ ಕಿಟಕಿ ನೋಡಿಯೇ ಆ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ತಿಳಿದುಬಿಡುತ್ತದೆ. ಓದಲು ಬಾರದ ಮುದುಕಿಯರೂ ಅದನ್ನು ಓದುತ್ತಾರೆ.

ಈ ಪದ್ಧತಿ ಜಗಳೂರಿನಲ್ಲಿ ಹುಟ್ಟಿದ್ದಲ್ಲ, ಚನ್ನಗಿರಿಯಿಂದ ಬಂದದ್ದು. ಜುಂಜಪ್ಪನ ಅಪ್ಪ ಓಬಳಪ್ಪ ಕೆಲಸ ಕಲಿತದ್ದು ಚನ್ನಗಿರಿಯ ಶಿವಮೂರ್ತಪ್ಪ ಎಂಬ ಹಿರಿಯ ಫೋಟೋಗ್ರಾಫರರ ಹತ್ತಿರ. ಆ ಕಡೆಯ ಶಿವಭಕ್ತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸುತ್ತಾರೆ. ಹಾಗೆ ಕೂತವರ ಕೊನೆಯ ಫೋಟೋ ತೆಗೆಯಲು ನಲ್ಲೂರಿನಿಂದಲೋ ಬಸವಾಪಟ್ಟಣದಿಂದಲೋ ಕರೆ ಬಂದರೆ ಗುರು ಶಿಷ್ಯ ಇಬ್ಬರೂ ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ಹೊರಡುತ್ತಿದ್ದರು. ಆಗ ಫೋಟೋ ತೆಗೆಯುವ ದೀಪಗಳಿಲ್ಲ. ದೇಹವನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಕದ ತೆರೆದು, ಒಳಗೆ ಬಿದ್ದ ಬೆಳಕಿನಲ್ಲಿ ಫೋಟೋ ಹಿಡಿಯಬೇಕಿತ್ತು. ಕೆಲಸ ಮುಗಿದ ಮೇಲೆ ಶಿವಮೂರ್ತಪ್ಪ ಆ ಮನೆಯ ಅತಿ ಹತ್ತಿರದವರ ಕಡೆಗೆ ತಿರುಗಿ, “ಕಿಟಕಿ ಮುಚ್ಚಲೇನ್ರಿ?” ಎಂದು ಕೇಳುತ್ತಿದ್ದರು. ಬೆಳಕಿನ ಕೆಲಸ ಮುಗಿಯಿತು ಎಂಬಷ್ಟೇ ಅದರ ಅರ್ಥ. ಆದರೆ ಆ ಕ್ಷಣದವರೆಗೆ ಕಲ್ಲಿನಂತೆ ಕೂತಿದ್ದ ಹೆಂಡತಿಯೋ ತಾಯಿಯೋ “ಮುಚ್ರಿ” ಎಂದವರೇ ಬಿಕ್ಕಿ ಅಳುತ್ತಿದ್ದರು. ಆ ಒಂದು ಮಾತು ಬಾಯಿಂದ ಬರುವ ತನಕ ಯಾರೂ ಸತ್ತಿರುವುದಿಲ್ಲ ಕಣೋ ಎಂದು ಗುರುಗಳು ದಾರಿಯಲ್ಲಿ ಹೇಳುತ್ತಿದ್ದರಂತೆ.

ಓಬಳಪ್ಪ ಜಗಳೂರಿಗೆ ಬಂದು ಸ್ಟುಡಿಯೋ ಇಟ್ಟಾಗ ಶಿವಮೂರ್ತಪ್ಪ ಎರಡು ಪರದೆಗಳನ್ನು ತಾವೇ ಬಣ್ಣ ಹಾಕಿ ಬರೆದುಕೊಟ್ಟರು. ಜೊತೆಗೊಂದು ಕಟ್ಟಳೆಯನ್ನೂ ಕೊಟ್ಟರು. ಮುಚ್ಚಿದ ಕಿಟಕಿಯ ಫೋಟೋ ಮಾಡುವ ಮೊದಲು ಹೆಂಡತಿಯನ್ನು ಅಥವಾ ಗಂಡನನ್ನು ಕೇಳಬೇಕು. ಅವರಿಲ್ಲದಿದ್ದರೆ ತಾಯಿಯನ್ನು, ತಾಯಿ ಇಲ್ಲದಿದ್ದರೆ ಮಕ್ಕಳನ್ನು. ಮಾಡಿದ ಮೇಲೆ ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಹೆಸರು, ಊರು, ದಿನ ಬರೆದು, ಕೆಳಗೆ ‘ಮುಚ್ಚಲು ಹೇಳಿದವರು’ ಎಂದು ಅವರ ಹೆಸರನ್ನೂ ಬರೆಯಬೇಕು.

ಗುರುಗಳು ಕೊಟ್ಟ ಮೂರನೆಯ ವಸ್ತು ಇವತ್ತಿಗೂ ಸ್ಟುಡಿಯೋದ ಗೋಡೆಯ ಮೇಲಿದೆ. ಅಂಗೈ ಅಗಲದ, ಕಂದು ಬಣ್ಣಕ್ಕೆ ತಿರುಗಿದ ಫೋಟೋ. ನೂರನಲವತ್ತು ವರ್ಷದ್ದಂತೆ. ಅದರಲ್ಲಿ ಒಬ್ಬ ಹೆಂಗಸು ಕಿಟಕಿಯ ಪಕ್ಕ ನಿಂತು, ಒಂದು ಕೈ ಚೌಕಟ್ಟಿನ ಮೇಲಿಟ್ಟು, ನಮ್ಮ ಕಡೆಗೆ ನೋಡದೆ ಹೊರಗೆ ನೋಡುತ್ತಿದ್ದಾಳೆ. ಬೆನ್ನಿನ ಪೆನ್ಸಿಲ್ ಬರಹದಲ್ಲಿ ಹೆಸರು ಅಳಿಸಿದೆ, ‘ಬಸವಾಪಟ್ಟಣ’ ಎಂಬುದು ಮಾತ್ರ ಉಳಿದಿದೆ.

ಮೂರು ವರ್ಷದ ಹಿಂದೆ ಚನ್ನಗಿರಿಯ ಕಾಲೇಜಿನಲ್ಲಿ ಪಾಠ ಮಾಡುವ ಪ್ರೇಮಲತಾ ಮೇಡಂ ಆ ಫೋಟೋ ನೋಡಲೆಂದೇ ಬಂದಿದ್ದರು. ಹಳೆಯ ಫೋಟೋಗಳ ಬಗ್ಗೆ ಬರೆಯುತ್ತಿದ್ದ ಅವರು ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿ, “ಈ ಕಿಟಕಿ ನಿಜವಾದ್ದಲ್ಲ ಯಜಮಾನ್ರೆ, ಪರದೆ. ಚೌಕಟ್ಟು ಮಾತ್ರ ಮರದ್ದು” ಎಂದರು. ಆ ಶತಮಾನದಲ್ಲಿ ಪ್ರಪಂಚದ ಎಲ್ಲ ಕಡೆ ಸ್ಟುಡಿಯೋಗಳಲ್ಲಿ ಇಂಥ ಕಿಟಕಿಗಳಿದ್ದವಂತೆ. ಮನೆ ದೊಡ್ಡದು ಎಂದು ತೋರಿಸಲು ಕೆಲವರು, ಬೆಳಕು ಎಲ್ಲಿಂದ ಬಂತು ಎಂದು ಹೇಳಲು ಕೆಲವರು ಕಿಟಕಿ ಹಾಕಿಸುತ್ತಿದ್ದರಂತೆ. ಗಂಡನನ್ನೋ ಮಗುವನ್ನೋ ಕಳೆದುಕೊಂಡವರನ್ನು ಮಾತ್ರ ಮುಖ ಹೊರಗೆ ತಿರುಗಿಸಿ ನಿಲ್ಲಿಸುತ್ತಿದ್ದುದೂ ಉಂಟಂತೆ, ಹೋದ ಜೀವ ಆ ದಾರಿಯಲ್ಲಿ ಹೋಯಿತು ಎಂಬ ಭಾವನೆಯಲ್ಲಿ.

“ಹಂಗಾದ್ರೆ ಈಯಮ್ಮ ಯಾರನ್ನೋ ಕಳಕಂಡೋಳು ಅಂತೀರಾ?” ಎಂದ ಜುಂಜಪ್ಪ.

“ಇರಬಹುದು. ಕಾಯ್ತಾ ಇರೋಳೂ ಆಗಿರಬಹುದು. ಎರಡಕ್ಕೂ ಒಂದೇ ಕಿಟಕಿ ಅಲ್ವಾ?”

“ಮತ್ತೆ ಕೈಯಾಕೆ ಚೌಕಟ್ಟಿನ ಮ್ಯಾಲೆ?”

ಮೇಡಂ ನಕ್ಕರು. ಆಗಿನ ಕ್ಯಾಮೆರಾಕ್ಕೆ ಬಹಳ ಹೊತ್ತು ಅಲ್ಲಾಡದೆ ನಿಲ್ಲಬೇಕಿತ್ತು, ಮೈ ನಡುಗದಿರಲಿ ಎಂದು ಕೈಗೊಂದು ಆಸರೆ ಅಷ್ಟೆ ಎಂದರು. ಜುಂಜಪ್ಪನಿಗೆ ಒಂಥರಾ ನಾಚಿಕೆಯಾಯಿತು. ಅವನ ಪರದೆಯ ಮುಂದೂ ಅಂಥದೇ ಮರದ ಚೌಕಟ್ಟು ನಿಲ್ಲಿಸಿದ್ದ. ರೆಪ್ಪೆ ಬಡಿಯುವುದರೊಳಗೆ ಫೋಟೋ ಮುಗಿಯುವ ಈ ಕಾಲದಲ್ಲೂ ಬಂದವರಿಗೆಲ್ಲ ಅದರ ಮೇಲೆ ಕೈ ಇಡಿಸುತ್ತಿದ್ದ. ಯಾಕೆಂದು ಅವನೂ ಕೇಳಿಕೊಂಡಿರಲಿಲ್ಲ, ಅವನಪ್ಪನೂ ಹೇಳಿರಲಿಲ್ಲ.

ಹೀಗೆ ನಡೆದುಕೊಂಡು ಬಂದ ಜುಂಜಪ್ಪನ ಬದುಕಿನಲ್ಲಿ ತಪ್ಪಿದ್ದು ಒಂದೇ ಸಲ. ಅದನ್ನು ಹೇಳದೆ ಅವನ ಕತೆ ಹೇಳಿದರೆ ಅವನೇ ಒಪ್ಪುವುದಿಲ್ಲ.

ಹೋದ ವರ್ಷ ಶಿವರಾತ್ರಿ ಕಳೆದ ವಾರ ಬಿಳಿಚೋಡಿನ ರಂಗಣ್ಣ ಬಂದ. ಕುರಿ ಸಾಕುವ ಮನೆತನದವನು, ಅರವತ್ತರ ಹತ್ತಿರದ ವಯಸ್ಸು. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಸಣ್ಣ ಫೋಟೋ ತೆಗೆದು ಮೇಜಿನ ಮೇಲಿಟ್ಟ. ತೆರೆದ ಕಿಟಕಿಯ ಮುಂದೆ ಹೆಗಲಿಗೆ ಕಂಬಳಿ ಹಾಕಿದ ಎತ್ತರದ ಆಳು. ಜುಂಜಪ್ಪನೇ ತೆಗೆದ ಫೋಟೋ.

“ನನ್ನ ತಮ್ಮ ಮಾರುತಿ. ಎಂಟು ವರ್ಷದ ಹಿಂದೆ ಹೊಳೆ ಪಾಲಾದ” ಎಂದ ರಂಗಣ್ಣ. “ದೊಡ್ಡದು ಮಾಡಿ ಕೊಡ್ರಿ ಜುಂಜಪ್ಪಣ್ಣ. ಮನೇಲಿ ಅವನ ಮಗಳ ಮದುವೆ ಐತೆ, ಅಷ್ಟ್ರಲ್ಲಿ ಗ್ವಾಡೆಗೆ ಹಾಕಬೇಕು.”

“ಹೆಂಡ್ತಿ ಇದಾರಾ?”

“ಇದಾಳೆ. ಅವಳ ಬಾಯಾಗೆ ಆ ಮಾತು ಬರಲ್ಲಣ್ಣ. ಒಂದೇ ಹೊಟ್ಟೇಲಿ ಹುಟ್ಟಿದೋನು ನಾನು, ನಾನು ಹೇಳ್ತೀನಿ, ಸಾಕು.”

ರಂಗಣ್ಣನ ಕಣ್ಣಲ್ಲಿ ನೀರಿತ್ತು. ಎಂಟು ವರ್ಷದ ಹಳೆಯ ದುಃಖ, ಆ ಹೆಣ್ಣುಮಗಳನ್ನು ಕರೆಸಿ ಗಾಯ ಕೆರೆಯುವುದು ಯಾಕೆ ಎಂದು ಜುಂಜಪ್ಪನಿಗನಿಸಿತು. ಅದನ್ನು ಕರುಣೆ ಎಂದೇ ತಿಳಿದ. “ಕಿಟಕಿ ಮುಚ್ಚಲೇನ್ರಿ?” ಎಂದು ರಂಗಣ್ಣನನ್ನೇ ಕೇಳಿದ. ರಂಗಣ್ಣ ತಲೆ ತಗ್ಗಿಸಿ “ಮುಚ್ರಿ” ಎಂದ.

ಇನ್ನೊಂದು ತಪ್ಪನ್ನೂ ಅವತ್ತೇ ಮಾಡಿದ. ಹೋದವರ ಫೋಟೋವನ್ನು ಕೈ ಕಾಣದಂತೆ ಎದೆಮಟ್ಟಕ್ಕೆ ಮಾತ್ರ ಮಾಡುವುದು ಅಪ್ಪನ ರೂಢಿ. ರಂಗಣ್ಣ, “ಆಳು ಎತ್ತರ ಇದ್ದ, ನಡುಮಟ್ಟ ಬರ್ಲಿ” ಎಂದ. ಜುಂಜಪ್ಪ ಹಾಗೇ ಮಾಡಿ, ಕಟ್ಟು ಹಾಕಿಸಿ, ಬೆನ್ನಿಗೆ ಬರೆದು ಕೊಟ್ಟ. ಸಣ್ಣ ಫೋಟೋವನ್ನು ವಾಪಸ್ ಒಯ್ಯಲು ರಂಗಣ್ಣ ಮರೆತ, ಅದು ಮೇಜಿನ ಖಾನೆಯಲ್ಲೇ ಉಳಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆಗೆಯುವಾಗಲೇ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದಳು. ನಲವತ್ತೈದರ ಆಸುಪಾಸು. ಮಡಿಲಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ದೊಡ್ಡ ಕಟ್ಟು. ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ಮೊದಲನೆಯ ಬಸ್ಸಿಗೆ ಬಂದವಳಿರಬೇಕು, ಸೆರಗಿಗೆ ಇನ್ನೂ ಈರುಳ್ಳಿ ಹೊಲದ ಮಣ್ಣಿತ್ತು.

“ನಾನು ಬಿಳಿಚೋಡಿನ ಗಾದ್ರಮ್ಮ. ಮಾರುತಿ ಹೆಂಡ್ತಿ” ಎಂದಳು.

ಒಳಗೆ ಬಂದು ಸೀರೆ ಬಿಚ್ಚಿ ಫೋಟೋವನ್ನು ಮೇಜಿಗೆ ಒರಗಿಸಿದಳು. ಕಟ್ಟಿನ ಮೂಲೆಯಲ್ಲಿ ಹರಿದ ಚೆಂಡುಹೂವಿನ ದಾರ ಇನ್ನೂ ಅಂಟಿಕೊಂಡಿತ್ತು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಜುಂಜಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಈರುಳ್ಳಿ ಕೀಳಾಕೆ ಹೋಗಿದ್ದೆ ಯಜಮಾನ್ರೆ. ಸಂಜೆ ಮನೆಗೆ ಬಂದ್ರೆ ಬಾಗಿಲ ತುಂಬ ಜನ. ಎಲ್ಲ ಅಳ್ತಾ ಇದಾರೆ. ಒಳಗ್ಹೋಗಿ ನೋಡ್ತೀನಿ, ಗ್ವಾಡೆ ಮ್ಯಾಲೆ ಇದು. ಇಬ್ರು ಮುದುಕೇರು ನನ್ನ ಬಳೆ ಒಡೆಯಾಕೆ ಕೈ ಹಿಡ್ಕಂಡ್ರು.” ಒಂದು ಸಲ ಉಸಿರೆಳೆದುಕೊಂಡಳು. “ಬಿಡಿಸ್ಕಂಡೆ. ಬೆನ್ನಿನ ಮ್ಯಾಲೆ ಏನು ಬರೆದೈತೆ ಅಂತ ಮಗಳ ಕೈಲಿ ಓದಿಸಿದೆ. ಮುಚ್ಚಲು ಹೇಳಿದವರು ರಂಗಣ್ಣ ಅಂತ ಐತಂತೆ.”

“ಹೌದವ್ವ.”

“ನನ್ನ ಯಾಕೆ ಕೇಳ್ಲಿಲ್ಲ?”

ನಿನಗೆ ನೋವಾಗದಿರಲಿ ಎಂದು ಕೇಳಲಿಲ್ಲ ಎನ್ನುವುದು ಎಷ್ಟು ಪೊಳ್ಳು ಮಾತು ಎಂಬುದು ಅವಳ ಎದುರು ನಿಂತಾಗ ಜುಂಜಪ್ಪನಿಗೇ ಗೊತ್ತಾಯಿತು.

ಆಮೇಲೆ ಅವಳೇ ಎಲ್ಲ ಹೇಳಿದಳು. ಎಂಟು ವರ್ಷದ ಹಿಂದೆ ಸಂಕ್ರಾಂತಿ ಕಳೆದ ಮೇಲೆ ಮಾರುತಿ ಮಂದಿಯ ಜೊತೆ ಕುರಿ ಹೊಡೆದುಕೊಂಡು ಹೊನ್ನಾಳಿ ಕಡೆಗೆ ಹೋಗಿದ್ದ. ಅಲ್ಲಿ ನೀರಾವರಿ ಗದ್ದೆಗಳ ಭತ್ತದ ಕೊಯ್ಲಾದ ಮೇಲೆ ಗೊಬ್ಬರಕ್ಕೆಂದು ರೈತರು ಕುರಿ ನಿಲ್ಲಿಸಿಕೊಳ್ಳುತ್ತಾರೆ; ಜಗಳೂರಿನ ಕುರಿಯವರು ವರ್ಷವರ್ಷವೂ ಹೋಗುವುದು ವಾಡಿಕೆ. ಹೊನ್ನಾಳಿ ಮುಗಿಸಿ ನ್ಯಾಮತಿಯ ಕಡೆ ಹೊರಡುವ ದಿನ ಎರಡು ಕುರಿ ಕಾಣಲಿಲ್ಲವೆಂದು ಮಾರುತಿ ಹೊಳೆಯ ದಂಡೆಗೆ ಹೋದ. ಕುರಿಗಳು ತಾವಾಗಿ ವಾಪಸು ಬಂದವು, ಮಾರುತಿ ಬರಲಿಲ್ಲ. ದಂಡೆಯ ಮೇಲೆ ಅವನ ಕಂಬಳಿ ಮಡಚಿಟ್ಟದ್ದು ಸಿಕ್ಕಿತು. ರಂಗಣ್ಣ ಇಪ್ಪತ್ತು ದಿನ ಹೊಳೆಗುಂಟ ಹುಡುಕಿದ. ಹೆಣವಾಗಲಿ, ಹೆಜ್ಜೆಯಾಗಲಿ, ಏನೂ ಸಿಗಲಿಲ್ಲ.

“ಎಲ್ರೂ ಹೊಳೆ ತಗಂಡೋತು ಅಂತಾರೆ. ಕಂಬಳಿ ಮಡಚಿಟ್ಟೋನು ವಾಪಸ್ ಬರಾಕೇ ಮಡಚಿಟ್ಟಿರ್ತಾನೆ ಅಂತೀನಿ ನಾನು” ಎಂದಳು ಗಾದ್ರಮ್ಮ. “ನಾಡಿದ್ದು ಭಾನುವಾರ ಮಗಳು ಸಂಧ್ಯಾರಾಣಿಗೆ ಅರಿಶಿನ ಹಚ್ಚಬೇಕು. ಬೀಗರು ಅಪ್ಪ ಎಲ್ಲಿ ಅಂತ ಕೇಳ್ತಾರೆ. ಇದ್ದಾನೋ ಇಲ್ಲೋ ಅನ್ನೋ ಮಾತು ಮದುವೆ ಮನೇಲಿ ಬ್ಯಾಡ ಅಂತ ನಮ್ಮ ಭಾವ ಇದನ್ನ ಮಾಡಿಸ್ಯಾರೆ. ಅವರಿಗೆ ಒಂದು ತೀರ್ಮಾನ ಆತು. ಈ ಫೋಟೋ ಗ್ವಾಡೆ ಮ್ಯಾಲಿದ್ರೆ ನಾನು ಮಗಳ ಮೈ ಮುಟ್ಟಂಗಿಲ್ಲ, ಆರತಿ ತಟ್ಟೆ ಹಿಡಿಯಂಗಿಲ್ಲ. ಒಲೆ ಮುಂದೆ ಕುಂತಿರಬೇಕು. ಅರಿಶಿನ ಹಚ್ಚೋಳು ನಾನೋ ಬ್ಯಾರೇರೋ, ನೀವೇ ಹೇಳ್ರಿ. ಮುಚ್ಚಿದೋರು ನೀವು.”

ಅಷ್ಟು ಹೇಳಿ ಫೋಟೋದ ಕಡೆ ಕೈ ತೋರಿಸಿದಳು. “ಇದನ್ನಾದ್ರೂ ನೋಡಿದ್ರಾ?”

ಜುಂಜಪ್ಪ ಕನ್ನಡಕ ಒರೆಸಿ ನೋಡಿದ. ಹಳೆಯ ಫೋಟೋದಲ್ಲಿ ಮಾರುತಿ ಕೈ ಎತ್ತಿ ಮರದ ಚೌಕಟ್ಟಿನ ಮೇಲೆ ಅಂಗೈ ಊರಿದ್ದ. ಕಂಪ್ಯೂಟರಿನಲ್ಲಿ ಚೌಕಟ್ಟನ್ನು ಅಳಿಸಿ ಆಳನ್ನಷ್ಟೇ ಮುಚ್ಚಿದ ಕಿಟಕಿಯ ಮುಂದೆ ಇಟ್ಟಾಗ ಆ ಅಂಗೈ ಹೋಗಿ ಮುಚ್ಚಿದ ಕದದ ಮೇಲೆ ಕೂತಿತ್ತು. ಮುಖ ಆ ಕಡೆಗೇ ತಿರುಗಿತ್ತು. ಒಳಗೆ ಸಿಕ್ಕಿಕೊಂಡವನೊಬ್ಬ ಕದ ಬಡಿಯುತ್ತಿರುವ ಹಾಗೆ ಕಾಣುತ್ತಿತ್ತು.

“ಮೂರು ದಿನದಿಂದ ಬಡೀತಾನೇ ಅದಾನೆ” ಎಂದಳು ಗಾದ್ರಮ್ಮ. “ಯಾರಿಗೂ ಕೇಳ್ಸಲ್ಲ.”

ಐವತ್ತು ವರ್ಷದಲ್ಲಿ ಜುಂಜಪ್ಪ ಎಷ್ಟು ಕಿಟಕಿ ಮುಚ್ಚಿದ್ದನೋ ಲೆಕ್ಕವಿಲ್ಲ, ಒಂದಕ್ಕೂ ಹೀಗಾಗಿರಲಿಲ್ಲ. ಖಾನೆಯಿಂದ ಸಣ್ಣ ಫೋಟೋ ತೆಗೆದು ಬೆಳಕಿಗೆ ಹಿಡಿದ. ಆಗ ನೆನಪಾಯಿತು. ಆ ಆಳು ಕಂಬಳಿ ಹೊದ್ದು ಒಳಗೆ ಬಂದದ್ದು, ಕೂರಲು ಹೇಳಿದರೂ ಕೂರದೆ, “ನಾನು ಮಂದೆ ಹಿಂದೆ ಹೋದ್ರೆ ನಮ್ಮಾಕಿಗೆ ನನ್ನ ಮುಖ ಮರ್ತೋಗುತ್ತಂತೆ, ಒಂದು ಫೋಟೋ ತೆಗೀರಿ” ಎಂದದ್ದು. ಮುಖ ನೆನಪಿಡುವುದೇ ತನ್ನ ಕಸುಬು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವನು ರಂಗಣ್ಣ ಬಂದ ದಿನ ಈ ಮುಖವನ್ನು ಕಣ್ಣೆತ್ತಿ ಸರಿಯಾಗಿ ನೋಡಿರಲಿಲ್ಲ.

“ತಪ್ಪಾತವ್ವ” ಎಂದ. “ಕುಂತ್ಕೋ. ಒಂದು ತಾಸು ಟೈಮು ಕೊಡು.”

ಸಣ್ಣ ಫೋಟೋದ ಅಂಚು ಸವೆದಿತ್ತು. ಎಷ್ಟೋ ವರ್ಷ ಗಾದ್ರಮ್ಮನ ಪೆಟ್ಟಿಗೆಯಲ್ಲಿ ಬಟ್ಟೆಯ ಮಡಿಕೆಗೆ ಸಿಕ್ಕಿ ಗುಡ್ಡದ ಮೇಲೊಂದು ಗೆರೆ ಬಿದ್ದಿತ್ತು. ಹಳೆಯ ಕಂಪ್ಯೂಟರು ಕೆಟ್ಟಾಗ ಮೂಲ ಚಿತ್ರವೂ ಹೋಗಿದ್ದರಿಂದ ಇದ್ದದ್ದು ಇದೊಂದೇ. ಜುಂಜಪ್ಪ ಗೆರೆಯನ್ನು ಅಳಿಸಿದ, ಕೆರೆಗೆ ನೀರಿನ ಬಣ್ಣ ತುಂಬಿದ, ಮಾರುತಿಯ ಮುಖವನ್ನು ಮಾತ್ರ ಮುಟ್ಟಲಿಲ್ಲ. ತೆರೆದ ಕಿಟಕಿಯ ಜೊತೆಗೇ ದೊಡ್ಡದು ಮಾಡಿ, ಮುಚ್ಚಿದ್ದನ್ನು ಹೊರತೆಗೆದು ಅದೇ ಕಟ್ಟಿಗೆ ಇದನ್ನು ಹಾಕಿದ. ತೆಗೆದದ್ದನ್ನು ನಾಲ್ಕು ಚೂರು ಮಾಡಿದ. ಸ್ಟುಡಿಯೋ ಹುಟ್ಟಿದಾಗಿನಿಂದ ಬೆನ್ನಿನ ಬರಹವಿದ್ದ ಫೋಟೋ ಹರಿದದ್ದು ಅದೇ ಮೊದಲು.

ಗಾದ್ರಮ್ಮ ಫೋಟೋ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು ತಿರುಗಿ, “ನಾನು ಒಯ್ದು ಹಾಕಿದ್ರೆ ಹುಚ್ಚು ಹಿಡಿದೈತೆ ಅಂತಾರೆ ಯಜಮಾನ್ರೆ” ಎಂದಳು. ಬೇಡಿಕೊಳ್ಳಲಿಲ್ಲ, ಇದ್ದದ್ದನ್ನು ಹೇಳಿದಳು.

ಜುಂಜಪ್ಪನಿಗೆ ಅರ್ಥವಾಯಿತು. ಅವನು ಬಾಯಿಬಿಟ್ಟು ತಪ್ಪು ಎಂದು ಹೇಳಿದರೆ ನಾಳೆ ಪ್ರತಿ ಮನೆಯಲ್ಲೂ ಗೋಡೆ ನೋಡಿ ಇದು ಕೇಳಿ ಮುಚ್ಚಿದ್ದೋ ಕೇಳದೆ ಮುಚ್ಚಿದ್ದೋ ಎಂದು ಮಾತಾಗುತ್ತದೆ. ಅಪ್ಪನ ಕಾಲದಿಂದ ಬಂದ ನಂಬಿಕೆ ಅದು. ಅದನ್ನು ಬಿಟ್ಟರೆ ಅವನ ಹತ್ತಿರ ಬೇರೆ ಆಸ್ತಿಯಿಲ್ಲ. ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ ದುರ್ಗಾಂಬಿಕಾ ಅವನ ಟವಲ್ಲು ತಂದು ಹೆಗಲ ಮೇಲೆ ಹಾಕಿದಳು. “ಬಸ್ಸು ಹನ್ನೊಂದಕ್ಕೈತೆ, ಹೊರಡ್ರಿ” ಎಂದಳು.

ಬಿಳಿಚೋಡಿನಲ್ಲಿ ಬೀಗರ ಕಡೆಯ ಮೂವರು ಹಿರಿಯರೂ ಬಂದು ಕೂತಿದ್ದರು. ವಿಷಯ ಅವರಿಗೆ ಮುಟ್ಟಿತ್ತು. ರಂಗಣ್ಣ ಬೇವಿನ ಕಟ್ಟೆಯ ಮೇಲೆ ಮುಖ ಗಂಟಿಕ್ಕಿಕೊಂಡಿದ್ದ. ಜುಂಜಪ್ಪ ಚಪ್ಪಲಿ ಬಿಟ್ಟು ಎಲ್ಲರ ಎದುರು ನಿಂತ.

“ನಮ್ಮ ಸ್ಟುಡಿಯೋದ ಕಟ್ಟಳೆ ನಿಮಗೆಲ್ಲ ಗೊತ್ತೈತೆ. ಹೆಂಡ್ತೀನ ಕೇಳ್ದೆ ಮುಚ್ಚಂಗಿಲ್ಲ. ನಾನು ಕೇಳ್ದೆ ಮುಚ್ಚಿದೆ. ರಂಗಣ್ಣಂದೇನೂ ತಪ್ಪಿಲ್ಲ, ಕೇಳೋದು ನನ್ನ ಕೆಲಸ. ಆ ಫೋಟೋ ಹರಿದು ಹಾಕೀನಿ. ಇದು ಮಾರುತಿ ಫೋಟೋ.”

ಕಟ್ಟನ್ನು ಎತ್ತಿ ಹಿಡಿದ. ತೆರೆದ ಕಿಟಕಿ, ಗುಡ್ಡ, ಕೆರೆ. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರಂಗಣ್ಣ ತಡೆದು ತಡೆದು, “ನಾನೇನು ಅವನ ಮ್ಯಾಲಿನ ಸಿಟ್ಟಿಗೆ ಮಾಡಿಸಿದ್ನಾ? ಇಪ್ಪತ್ತು ದಿನ ಹೊಳೆ ನೀರಾಗೆ ಮುಳುಗಿ ಹುಡುಕೀನಿ. ವರ್ಷ ವರ್ಷ ಆ ದಾರೀಲಿ ಕುರಿ ಹೊಡ್ಕಂಡು ಹೋಗೋನು ನಾನು. ಹೋದಾಗೆಲ್ಲ ನೀರು ನೋಡ್ತೀನಿ. ನಂಗೂ ಸಾಕಾಗೈತೆ” ಎಂದ. ದೊಡ್ಡ ಆಳು ಟವಲ್ಲಿನಿಂದ ಮುಖ ಮುಚ್ಚಿಕೊಂಡ.

ಗಾದ್ರಮ್ಮ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಹೇಳಿದಳು. “ನಿಮಗೆ ಸಾಕಾಗಿದ್ರೆ ಕುಂತ್ಕಳ್ರಿ ಭಾವ. ನಾನು ನಿಂತಿರ್ತೀನಿ.”

ಬೀಗರಲ್ಲಿ ಹಿರಿಯನೊಬ್ಬ ಬಹಳ ಹೊತ್ತು ಆ ಫೋಟೋ ನೋಡಿ, “ಕಿಟಕಿ ತೆಗೆದೈತೆ ಅಂದ್ಮೇಲೆ ಕೇಳೋದೇನೈತೆ. ತಾಯೇ ಅರಿಶಿನ ಹಚ್ಚಲಿ” ಎಂದು ಎದ್ದ. ಭಾನುವಾರ ಸಂಧ್ಯಾರಾಣಿಯ ಕೆನ್ನೆಗೆ ಮೊದಲ ಅರಿಶಿನ ಹಚ್ಚಿದ್ದು ಗಾದ್ರಮ್ಮನೇ. ಮದುವೆಯ ಫೋಟೋ ತೆಗೆಯಲು ದಾವಣಗೆರೆಯಿಂದ ಡ್ರೋನು ಕ್ಯಾಮೆರಾದವರು ಬಂದಿದ್ದರು. ಜುಂಜಪ್ಪ ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಆಕಾಶದಲ್ಲಿ ಗುಂಯ್‌ಗುಡುತ್ತಿದ್ದ ಆ ಯಂತ್ರವನ್ನು ಒಮ್ಮೆ ದುರುಗುಟ್ಟಿ ನೋಡಿ ಬಸ್ಸು ಹತ್ತಿದ.

ಅವನು ಹೆದರಿದ್ದಂತೆಯೇ ಆಯಿತು. ಎರಡು ತಿಂಗಳಲ್ಲಿ ಏಳೆಂಟು ಮನೆಯವರು ಫೋಟೋ ಬಿಚ್ಚಿಕೊಂಡು ಬಂದು ಬೆನ್ನು ಓದಿಸಿಕೊಂಡು ಹೋದರು. ಎಲ್ಲದರ ಮೇಲೂ ಹೆಂಡತಿಯದೋ ತಾಯಿಯದೋ ಹೆಸರಿತ್ತು.

ಮೂರನೆಯ ತಿಂಗಳು ಗಾದ್ರಮ್ಮ ಬಂದಳು. ಈ ಸಲ ಒಬ್ಬಳೇ, ಕೈಯಲ್ಲಿ ಏನೂ ಇಲ್ಲ. ಹಣೆಯ ಕುಂಕುಮ ಹಾಗೇ ಇತ್ತು. ನೀರು ಕುಡಿದು, ಗೋಡೆಯ ಮೇಲಿನ ಕಂದು ಫೋಟೋದ ಹೆಂಗಸನ್ನು ಸ್ವಲ್ಪ ಹೊತ್ತು ನೋಡಿದಳು.

“ಮಗಳು ಗಂಡನ ಮನೆ ಸೇರಿದ್ಲು ಯಜಮಾನ್ರೆ. ಮನೆ ಬಿಕೋ ಅಂತೈತೆ. ಹೋದ ವಾರ ನಾನೇ ಭಾವನ ಜೊತಿ ಹೊನ್ನಾಳಿಗೆ ಹೋಗಿ ಬಂದೆ. ಆ ದಂಡೆ ನೋಡಿದೆ. ನೀರು ಕಮ್ಮಿ ಇತ್ತು, ಆದ್ರೂ ಸೆಳವು ಕಣ್ಣಿಗೆ ಕಾಣ್ತೈತೆ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ಅವರು ಬರಲ್ಲ. ನಂಗೆ ಗೊತ್ತೈತೆ. ಕಂಬಳಿ ಸಿಕ್ಕಿದ ದಿನಾನೇ ಗೊತ್ತಿತ್ತು.”

ಈ ಸಲ ಜುಂಜಪ್ಪ ಕೇಳದೆ ಇರುವ ಹಾಗಿರಲಿಲ್ಲ. ಅವಳ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ಶಿವಮೂರ್ತಪ್ಪನವರು ಕೇಳುತ್ತಿದ್ದ ಹಾಗೆ, ಅಪ್ಪ ಕೇಳುತ್ತಿದ್ದ ಹಾಗೆ ಕೇಳಿದ.

“ಕಿಟಕಿ ಮುಚ್ಚಲೇನವ್ವ?”

ಹೊರಗೆ ಬಸ್ಸೊಂದು ಬಂದು ನಿಂತು, ಜನ ಇಳಿದು, ಹೊರಟುಹೋಯಿತು.

“ಬ್ಯಾಡ್ರಿ” ಎಂದಳು ಕೊನೆಗೆ. “ಗೊತ್ತಿರೋದು ಬ್ಯಾರೆ, ಮುಚ್ರಿ ಅಂತ ಬಾಯಿ ಬಿಡೋದು ಬ್ಯಾರೆ. ನನ್ನ ಕೈಲಾಗಲ್ಲ. ನನ್ನದೂ ಒಂದು ಫೋಟೋ ತೆಗೀರಿ, ಅವರ ಪಕ್ಕದಾಗೆ ಹಾಕ್ಕಂತೀನಿ. ನಾನು ಹೋದ ದಿವ್ಸ ಇಬ್ರದ್ದೂ ಒಟ್ಟಿಗೇ ಮುಚ್ಚಿಬಿಡ್ರಿ.”

ಜುಂಜಪ್ಪ ಎದ್ದು ತೆರೆದ ಕಿಟಕಿಯ ಪರದೆ ಎಳೆದ. ಮರದ ಚೌಕಟ್ಟನ್ನು ಒರೆಸಿ ನಿಲ್ಲಿಸಿದ. ಅವಳು ಬಂದು ನಿಂತು, ಹೇಳುವ ಮೊದಲೇ, ಗಂಡನ ಕೈ ಇದ್ದ ಎತ್ತರಕ್ಕೆ ತನ್ನ ಕೈಯಿಟ್ಟಳು. ಎಟುಕಲಿಲ್ಲವೆಂದು ಸ್ವಲ್ಪ ಕೆಳಗೆ ಇಟ್ಟಳು.

“ಎತ್ಲಾಗೆ ನೋಡ್ಲಿ?”

“ಅವರು ನೋಡಿದ ಕಡೀಗೇ. ಕಿಟಕಿ ಆಚೆ.”

“ಆಚೆ ಏನೈತೆ?”

ಜುಂಜಪ್ಪ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿದ. “ಅವರೂ ಹಿಂಗೇ ಕೇಳಿದ್ರು ಕಣವ್ವ. ಗುಡ್ಡ ಐತೆ, ಕೆರೆ ಐತೆ ಅಂದೆ. ಮೇವು ಐತಾ ಅಂತ ಕೇಳಿದ್ರು.”

ಗಾದ್ರಮ್ಮ ನಕ್ಕಳು. ಎಂಟು ವರ್ಷದಲ್ಲಿ ಗಂಡನ ಬಾಯಿಂದ ಅವಳಿಗೆ ಸಿಕ್ಕಿದ ಹೊಸ ಮಾತು ಅದೊಂದೇ. ನಗುತ್ತಿದ್ದಂತೆಯೇ ಕಣ್ಣಿನಿಂದ ನೀರು ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ, ಚೌಕಟ್ಟಿನ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಆ ಆಸರೆ ಯಾಕಿದೆ ಎಂದು ಜುಂಜಪ್ಪ ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳು ಸುಧಾರಿಸಿಕೊಳ್ಳುವ ತನಕ ಕಾದು ಫೋಟೋ ತೆಗೆದ.

ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಫೋಟೋ ಅಚ್ಚು ಹಾಕಿ ಒಣಗಲು ಬಿಟ್ಟು, ಪೆನ್ಸಿಲು ಹೆರೆದುಕೊಂಡು ಕೂತ. ಅವಳಿಗಿನ್ನೂ ನಲವತ್ತೈದು. ಅವಳು ಹೋಗುವ ದಿನ ತಾನಿರುವುದಿಲ್ಲ. ಸ್ಟುಡಿಯೋ ಇರುತ್ತದೋ ಇಲ್ಲವೋ, ಈ ಪರದೆಗಳನ್ನು ಯಾರು ಯಾವುದಕ್ಕೆ ಸುತ್ತಿಡುತ್ತಾರೋ ಹೇಳಲಾಗದು. ಯಾರೋ ಒಬ್ಬರು ಯಾವುದೋ ಊರಿನಲ್ಲಿ ಈ ಎರಡು ಫೋಟೋಗಳನ್ನು ಕೈಗೆತ್ತಿಕೊಳ್ಳುತ್ತಾರೆ, ಅಷ್ಟೆ. ಜುಂಜಪ್ಪ ಫೋಟೋವನ್ನು ಮಗುಚಿ, ಹೆಸರು, ಊರು, ದಿನ ಬರೆದ. ‘ಮುಚ್ಚಲು ಹೇಳಿದವರು’ ಎಂದು ಬರೆಯುವ ಜಾಗದಲ್ಲಿ ಪೆನ್ಸಿಲು ನಿಂತಿತು. ಆಮೇಲೆ ಬಿಡಿಬಿಡಿಯಾದ ದಪ್ಪ ಅಕ್ಷರಗಳಲ್ಲಿ ಬರೆದ: ‘ಇದನ್ನೂ ಗಂಡ ಮಾರುತಿಯದನ್ನೂ ಒಟ್ಟಿಗೆ ಮುಚ್ಚಬೇಕು. ಮುಚ್ಚುವ ಮೊದಲು ಮಗಳು ಸಂಧ್ಯಾರಾಣಿಯನ್ನು ಕೇಳಬೇಕು. ನಾನು ಒಮ್ಮೆ ಕೇಳದೆ ಮುಚ್ಚಿದ್ದೆ.’ ಕೆಳಗೆ ತನ್ನ ಹೆಸರು ಹಾಕಿ, ಬೇಗ ಅಳಿಸದಿರಲೆಂದು ಪ್ರತಿ ಅಕ್ಷರವನ್ನೂ ಇನ್ನೊಮ್ಮೆ ಒತ್ತಿ ತಿದ್ದಿದ.